ಮೊದಲ ಕ್ಲೈಂಟ್ ಬರುವ ಮುನ್ನ, ಬಂದು ಹೋದ ಮೇಲೆ: ಥೆರಪಿಸ್ಟ್ ಆಗಲು ಕಲಿಯುತ್ತಿರುವವರಿಗೆ

ಕ್ಲಿನಿಕಲ್ ಸೈಕಾಲಜಿ ಓದುವ ಎಲ್ಲರಿಗೂ ಈ ದಿನ ಬಂದೇ ಬರುತ್ತದೆ. ಡಿಪ್ರೆಶನ್ ಲಕ್ಷಣಗಳು ಬಾಯಿಪಾಠವಾಗಿವೆ, ಥಿಯರಿ ಪೇಪರ್‌ಗಳೆಲ್ಲ ಪಾಸಾಗಿವೆ. ಆಗ ಸೂಪರ್‌ವೈಸರ್ ಒಂದು ಫೈಲ್ ಕೈಗಿಟ್ಟು, "ನಾಳೆ ಹನ್ನೊಂದಕ್ಕೆ ಇವರನ್ನು ನೀವೇ ನೋಡಿ" ಅನ್ನುತ್ತಾರೆ. ಓದಿದ್ದರಲ್ಲಿ ಯಾವುದನ್ನು ಎಲ್ಲಿ ಬಳಸಬೇಕು ಅನ್ನುವುದು ಆ ಗಳಿಗೆಯಲ್ಲಿ ಹೊಳೆಯುವುದೇ ಇಲ್ಲ.

ಆ ಫೈಲ್ ಕೈಗೆ ಬಂದವರಿಗೆ, ಇನ್ನೇನು ಬರಲಿದೆ ಎಂದು ಕಾಯುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಷನ್ನಿನ 50 ನಿಮಿಷದಲ್ಲಿ ನೀವು ಕಲಿಯುವುದು ಕಡಿಮೆ, ಏಕೆಂದರೆ ಆಗ ನಿಮ್ಮ ತಲೆಗೆ ಬಿಡುವೇ ಇರುವುದಿಲ್ಲ. ಆ 50 ನಿಮಿಷವನ್ನು ಆಮೇಲೆ ಬಿಡಿಸಿ ನೋಡುವಾಗ ಕಲಿಯುವುದೇ ಹೆಚ್ಚು. "ಕೇಸ್‌ಗಳನ್ನು ನೋಡುತ್ತಾ ಹೋದರೆ ತಾನಾಗಿಯೇ ಬರುತ್ತದೆ" ಎಂದು ಹಿರಿಯರು ಹೇಳುವುದುಂಟು. 2016ರಲ್ಲಿ ಸೈಮನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು 170 ಥೆರಪಿಸ್ಟರ ಹಲವು ವರ್ಷಗಳ ದಾಖಲೆಯನ್ನು ಪರಿಶೀಲಿಸಿದಾಗ, ವರ್ಷ ಕಳೆದಂತೆ ಒಟ್ಟಾರೆ ಫಲಿತಾಂಶ ಸುಧಾರಿಸಿರಲಿಲ್ಲ, ಅತ್ಯಲ್ಪ ಪ್ರಮಾಣದಲ್ಲಿ ಇಳಿದೇ ಇತ್ತು. ಕೆಲವರು ಮಾತ್ರ ಮೇಲೇರಿದ್ದರು. ಸೆಷನ್‌ಗಳ ಲೆಕ್ಕ ಏರಿದ ಮಾತ್ರಕ್ಕೆ ಕೈ ಪಳಗುವುದಿಲ್ಲ.

ಹಂತ 1: ಕ್ಲೈಂಟ್ ಸಿಗುವ ಮೊದಲು ಬಾಯಿ ಪಳಗಿಸಿ

ಮೂವರು ಸಹಪಾಠಿಗಳು ಸೇರಿಕೊಳ್ಳಿ. ಒಬ್ಬರು ಕ್ಲೈಂಟ್, ಒಬ್ಬರು ಥೆರಪಿಸ್ಟ್, ಒಬ್ಬರು ಸುಮ್ಮನೆ ನೋಡುವವರು. ಕ್ಲೈಂಟ್ ಆಗುವವರು ಸಿನಿಮಾದಂತೆ ಅಳುವುದು ಬೇಡ. ತಮ್ಮದೇ ಬದುಕಿನ ಒಂದು ಸಣ್ಣ ಕಿರಿಕಿರಿಯನ್ನು ತೆಗೆದುಕೊಳ್ಳಲಿ: ಮುಂದೂಡುತ್ತಿರುವ ಕೆಲಸ, ರೂಂಮೇಟ್ ಜತೆಗಿನ ಮುನಿಸು. ನಿಜವಾದ ವಿಷಯಕ್ಕೆ ನಿಜವಾದ ಪ್ರತಿಕ್ರಿಯೆ ಬರುತ್ತದೆ, ನಟನೆಗೆ ಬರುವುದು ನಟನೆಯೇ.

ಒಮ್ಮೆಗೆ ಒಂದೇ ಕೌಶಲ ಸಾಕು. ಮೊದಲನೆಯದು ಪ್ರತಿಫಲನ, ಅಂದರೆ ಎದುರಿನವರು ಹೇಳಿದ್ದರ ಸಾರವನ್ನೋ ಅದರೊಳಗಿನ ಭಾವವನ್ನೋ ಪ್ರಶ್ನೆಯಾಗಿಸದೆ ಅವರಿಗೇ ಮರಳಿಸುವುದು. ಮಿಲ್ಲರ್ ಮತ್ತು ರೋಲ್‌ನಿಕ್ ರೂಪಿಸಿದ, ಬದಲಾಗುವ ಇಚ್ಛೆಯನ್ನು ಕ್ಲೈಂಟ್ ಬಾಯಿಂದಲೇ ಹೊರತರುವ ಮಾತುಕತೆಯ ವಿಧಾನವಾದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್‌ನಲ್ಲಿ ಒಂದು ಪ್ರಶ್ನೆಗೆ ಎರಡು ಪ್ರತಿಫಲನ ಇದ್ದರೆ ಒಳ್ಳೆಯ ಪ್ರಮಾಣ ಅನ್ನುತ್ತಾರೆ. ಹತ್ತು ನಿಮಿಷ ಮಾತಾಡಿ, ಮೂರನೆಯವರು ಎಣಿಸಲಿ. ಹೊಸಬರ ಲೆಕ್ಕ ಸಾಮಾನ್ಯವಾಗಿ ಉಲ್ಟಾ ಇರುತ್ತದೆ: ಪ್ರಶ್ನೆಯ ಮೇಲೆ ಪ್ರಶ್ನೆ, ನಡುವೆ ಒಂದೆರಡು "ಹೂಂ". ಇದು ಇಂಟೇಕ್ ಫಾರಂ (ಮೊದಲ ಭೇಟಿಯಲ್ಲಿ ವಿವರ ಕೇಳಿ ಬರೆದುಕೊಳ್ಳುವ ಫಾರಂ) ತುಂಬಿ ತುಂಬಿ ಬಂದ ಅಭ್ಯಾಸ.

ಹಂತ 2: ಗೋಪ್ಯತೆಯ ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಿ ನೋಡಿ

ಕನ್ನಡಿ ಮುಂದೆಯೋ ಗೆಳೆಯರ ಮುಂದೆಯೋ, ಬಾಯಿ ತೆಗೆದು ಹೇಳಿ ಅಭ್ಯಾಸ ಮಾಡಲೇಬೇಕಾದ ಮಾತು ಇದು. ಮೊದಲ ಸೆಷನ್ನಿನಲ್ಲಿ ತಡವರಿಸಿದರೆ ಕ್ಲೈಂಟ್‌ಗೆ ಅನುಮಾನ ಹುಟ್ಟುವುದು ಇಲ್ಲೇ. ಹೆಚ್ಚುಕಡಿಮೆ ಹೀಗಿರಲಿ:

"ನಾನು ಇನ್ನೂ ತರಬೇತಿಯಲ್ಲಿದ್ದೇನೆ. ನನ್ನ ಕೆಲಸವನ್ನು ಹಿರಿಯ ಸೂಪರ್‌ವೈಸರ್ ಒಬ್ಬರು ನೋಡಿಕೊಳ್ಳುತ್ತಾರೆ, ನಿಮ್ಮ ವಿಷಯವನ್ನು ಅವರೊಂದಿಗೆ ಚರ್ಚಿಸುತ್ತೇನೆ. ಅದು ಬಿಟ್ಟರೆ ನೀವು ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ಆದರೆ ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ, ಮಗುವಿಗೆ ಹಿಂಸೆ ಆಗುತ್ತಿದೆ ಎಂದು ಗೊತ್ತಾದರೆ, ಕಾನೂನು ಕೇಳಿದರೆ, ಆಗ ಸಂಬಂಧಪಟ್ಟವರಿಗೆ ತಿಳಿಸಬೇಕಾಗಬಹುದು. ಆದಷ್ಟು ಮಟ್ಟಿಗೆ ಮೊದಲು ನಿಮಗೆ ಹೇಳಿಯೇ ಮಾಡುತ್ತೇನೆ."

ತರಬೇತಿಯಲ್ಲಿದ್ದೇನೆ ಅನ್ನುವುದನ್ನು ಮುಚ್ಚಿಡಬೇಡಿ. ಹೇಳಿದರೆ ನಂಬಿಕೆ ಹೋಗುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ, ಆದರೆ ಹೇಳದೆ ಆಮೇಲೆ ಗೊತ್ತಾದರೆ ಹೋಗುವ ನಂಬಿಕೆ ಅದಕ್ಕಿಂತ ದೊಡ್ಡದು.

ಮೂರನೆಯವರಿಗೆ ಅಪಾಯ ಇದ್ದಾಗ ಏನು ಮಾಡಬೇಕು ಅನ್ನುವ ಚರ್ಚೆಗೆಲ್ಲ ಟಾರಸಾಫ್ ಪ್ರಕರಣದ ನೆರಳಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಗುರುತಿಸಬಹುದಾದ ವ್ಯಕ್ತಿಯೊಬ್ಬರಿಗೆ ಗಂಭೀರ ಅಪಾಯ ಕಂಡಾಗ ಅವರನ್ನು ರಕ್ಷಿಸಲು ಸೂಕ್ತ ಕ್ರಮ ಕೈಗೊಳ್ಳುವ ಹೊಣೆ ಥೆರಪಿಸ್ಟರ ಮೇಲಿದೆ ಎಂದು ತೀರ್ಪಿತ್ತಿತು. ಎಲ್ಲ ಕಡೆಯೂ ಕಾನೂನು ಒಂದೇ ರೀತಿ ಇಲ್ಲ. ನೀವು ಕೆಲಸ ಮಾಡುವ ಜಾಗದ ನಿಯಮವನ್ನು ಸೂಪರ್‌ವೈಸರ್ ಬಳಿ ಕೇಳಿ ಬರೆದಿಟ್ಟುಕೊಳ್ಳಿ, ಊಹೆಗೆ ಬಿಡಬೇಡಿ.

ಹಂತ 3: ಮೊದಲ ಸೆಷನ್

ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಥೆರಪಿಯ ಸಂಬಂಧವನ್ನು ಮೂರಾಗಿ ಬಿಡಿಸಿದರು: ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಒಮ್ಮತ, ಅದಕ್ಕೆ ಏನೇನು ಮಾಡಬೇಕು ಅನ್ನುವುದರಲ್ಲಿ ಒಮ್ಮತ, ಮತ್ತು ಇಬ್ಬರ ನಡುವಿನ ಬಾಂಧವ್ಯ. ಮೊದಲ ಸೆಷನ್ ಮುಗಿದ ಮೇಲೆ ಈ ಮೂರನ್ನೇ ಕೇಳಿಕೊಳ್ಳಿ. ಕೇಸ್ ಹಿಸ್ಟರಿಯ ಎಲ್ಲ ಕಾಲಂ ತುಂಬಿದೆ, ಆದರೆ ಇವರು ಯಾಕೆ ಬಂದರು, ಏನಾದರೆ ಇವರಿಗೆ ಸಮಾಧಾನ ಅನ್ನುವುದು ಗೊತ್ತಾಗಿಲ್ಲ ಎಂದಾದರೆ ಆ ಸೆಷನ್ ಅರ್ಧವೇ ಆದಂತೆ. ಹುಟ್ಟು, ಬಾಲ್ಯ, ಶಾಲೆಯ ವಿವರ ಎರಡನೇ ಸೆಷನ್‌ಗೆ ಕಾಯುತ್ತದೆ. "ಈಗಲೇ ಯಾಕೆ ಬಂದಿರಿ?" ಅನ್ನುವ ಪ್ರಶ್ನೆ ಕಾಯುವುದಿಲ್ಲ.

ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ಕೇಳಿದ್ದನ್ನು ಮೂರು ನಾಲ್ಕು ವಾಕ್ಯದಲ್ಲಿ ಹೇಳಿ, "ಇದರಲ್ಲಿ ಏನಾದರೂ ಬಿಟ್ಟುಹೋಯಿತಾ?" ಎಂದು ಕೇಳಿ. ಎಷ್ಟೋ ಸಲ ಮುಖ್ಯ ವಿಷಯ ಆಗ ಹೊರಬೀಳುತ್ತದೆ.

ಹೊಸಬರನ್ನು ಗಲಿಬಿಲಿಗೊಳಿಸುವ ಇನ್ನೊಂದು ಪ್ರಸಂಗ. ವಯಸ್ಸಿನಲ್ಲಿ ಹಿರಿಯರಾದ ಕ್ಲೈಂಟ್ ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಕೇಳುತ್ತಾರೆ: "ನಿಂಗೆ ಮದುವೆ ಆಗಿದೆಯೇನಮ್ಮಾ? ಮಕ್ಕಳಿದ್ದಾರಾ?" "ಇಲ್ಲಿ ಪ್ರಶ್ನೆ ಕೇಳುವವಳು ನಾನು" ಎಂಬ ಬಿಗುವೂ ಬೇಡ, ಸ್ವಂತ ಕತೆ ಬಿಚ್ಚುವುದೂ ಬೇಡ. "ಇಲ್ಲಮ್ಮ, ಇನ್ನೂ ಆಗಿಲ್ಲ. ಮಕ್ಕಳ ವಿಷಯ ಇವಳಿಗೆ ಏನು ಅರ್ಥ ಆಗುತ್ತೆ ಅನ್ನಿಸಿತಾ? ಅನ್ನಿಸಿದ್ದರೆ ಅದನ್ನೇ ಮಾತಾಡೋಣ" ಅಂದರೆ ಸಾಕು. ಆ ಪ್ರಶ್ನೆ ಬಹುಪಾಲು ನಿಮ್ಮ ಬಗ್ಗೆ ಅಲ್ಲ, ತಮ್ಮ ಕಷ್ಟ ನಿಮಗೆ ಅರ್ಥವಾಗುತ್ತದೋ ಇಲ್ಲವೋ ಅನ್ನುವುದರ ಬಗ್ಗೆ.

ಹಂತ 4: ಸಾವಿನ ಬಗ್ಗೆ ನೇರವಾಗಿ ಕೇಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸಬರು ನಾಲಿಗೆ ಕಚ್ಚಿಕೊಳ್ಳುವುದು ಇಲ್ಲೇ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಭಯವನ್ನು ಮೊದಲು ಬಿಡಿ. 2014ರಲ್ಲಿ ಡಾಜ್ಜಿ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಕೇಳಿದ್ದರಿಂದ ಆತ್ಮಹತ್ಯೆಯ ಯೋಚನೆ ಹೆಚ್ಚಿತು ಎಂದು ಒಂದರಲ್ಲೂ ಕಂಡುಬಂದಿರಲಿಲ್ಲ.

ಕೇಳುವ ರೀತಿ ಮುಖ್ಯ. "ಹಾಗೆಲ್ಲ ಏನೂ ಯೋಚನೆ ಇಲ್ಲ ಅಲ್ವಾ?" ಅಂದರೆ "ಇಲ್ಲ" ಅನ್ನುವ ಉತ್ತರವನ್ನು ನೀವೇ ಕೈಗಿಟ್ಟಂತೆ. ಕ್ಲೈಂಟ್ ನಿಮ್ಮ ಮುಖ ನೋಡಿ, ನಿಮಗೆ ತೊಂದರೆ ಕೊಡಬಾರದು ಎಂದು "ಇಲ್ಲ" ಅನ್ನುತ್ತಾರೆ. ಬದಲಿಗೆ: "ಇಷ್ಟು ಕಷ್ಟದಲ್ಲಿರುವಾಗ ಕೆಲವರಿಗೆ ಸತ್ತರೆ ಸಾಕು ಅನ್ನಿಸುತ್ತದೆ. ನಿಮಗೆ ಹಾಗೆ ಅನ್ನಿಸಿದ್ದಿದೆಯಾ?" ದನಿ ಇಳಿಸಬೇಡಿ, ಪೆನ್ನು ಹುಡುಕಬೇಡಿ, ಮುಖ ನೋಡಿ ಕೇಳಿ.

"ಹೌದು" ಅಂದರೆ ಗಾಬರಿಯಾಗದೆ ಮುಂದುವರಿಯಿರಿ. ಸುಮ್ಮನೆ ಬದುಕು ಸಾಕು ಅನ್ನಿಸುತ್ತದೆಯೋ, ಜೀವ ಕಳೆದುಕೊಳ್ಳುವ ಯೋಚನೆಯೋ? ಹೇಗೆ ಎಂದು ಯೋಚಿಸಿದ್ದಾರಾ? ಮಾಡಿಬಿಡುತ್ತೇನೆ ಅನ್ನುವ ಉದ್ದೇಶ ಇದೆಯಾ? ಏನಾದರೂ ಸಿದ್ಧತೆ ಮಾಡಿಕೊಂಡಿದ್ದಾರಾ? ಹಿಂದೆ ಪ್ರಯತ್ನಿಸಿದ್ದರಾ? ಅವರು ಯೋಚಿಸಿದ ಸಾಧನ ಕೈಗೆ ಸಿಗುವಂತಿದೆಯಾ? ಇಲ್ಲಿಯವರೆಗೆ ಅವರನ್ನು ತಡೆದದ್ದು ಏನು? ಡಿಪ್ರೆಶನ್ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿಯಾದ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಇದನ್ನು ಮುಟ್ಟುತ್ತದೆ ನಿಜ, ಆದರೆ ಅಲ್ಲಿ ಸೊನ್ನೆಗೆ ಟಿಕ್ ಹಾಕಿದ್ದಾರೆ ಎಂದು ನಿಶ್ಚಿಂತೆಯಿಂದ ಕೂರಬೇಡಿ. ಬಾಯಿಬಿಟ್ಟು ಕೇಳಿ.

ಅಪಾಯ ಇದೆ ಅನ್ನಿಸಿದರೆ ಕ್ಲೈಂಟ್ ಕೋಣೆಯಿಂದ ಹೊರಡುವ ಮುನ್ನ ಸೂಪರ್‌ವೈಸರ್‌ಗೆ ತಿಳಿಸಿ. ಸಂಜೆ ಹೇಳೋಣ, ಮುಂದಿನ ಮೀಟಿಂಗ್‌ನಲ್ಲಿ ಹೇಳೋಣ ಅನ್ನುವಂತಿಲ್ಲ. ಸೂಪರ್‌ವೈಸರ್ ಸಿಗದಿದ್ದರೆ ಯಾರು, ಅವರೂ ಸಿಗದಿದ್ದರೆ ಯಾರು ಅನ್ನುವ ಫೋನ್ ನಂಬರ್‌ಗಳು ಮೊದಲ ದಿನದಿಂದಲೇ ನಿಮ್ಮ ಬಳಿ ಇರಲಿ. ತಕ್ಷಣದ ಅಪಾಯವಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ.

ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸೇಫ್ಟಿ ಪ್ಲಾನ್ ಅನ್ನು ಕಲಿತಿಟ್ಟುಕೊಳ್ಳಿ. ಅದರಲ್ಲಿ ಆರು ಭಾಗಗಳಿವೆ: ಅಪಾಯ ಹತ್ತಿರವಾಗುತ್ತಿದೆ ಅನ್ನುವ ಸೂಚನೆಗಳು, ತಾನೊಬ್ಬನೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆ ಹರಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದ ಆಪ್ತರು, ವೃತ್ತಿಪರರು ಮತ್ತು ತುರ್ತು ಸೇವೆ, ಕೊನೆಗೆ ಸುತ್ತಲಿನ ಅಪಾಯದ ವಸ್ತುಗಳನ್ನು ದೂರ ಮಾಡುವುದು. ಕ್ಲೈಂಟ್ ಜತೆ ಕೂತು, ಅವರದೇ ಮಾತಿನಲ್ಲಿ ಬರೆಯಬೇಕು. "ವಾಕಿಂಗ್ ಹೋಗುವುದು" ಎಂದು ನೀವು ತುಂಬಿಸಿದರೆ ಆ ಕಾಗದ ಬ್ಯಾಗಿನಲ್ಲೇ ಉಳಿಯುತ್ತದೆ. "ಏನೂ ಮಾಡಿಕೊಳ್ಳುವುದಿಲ್ಲ ಅಂತ ಮಾತು ಕೊಡಿ" ಎಂದು ಆಣೆ ಹಾಕಿಸಿಕೊಳ್ಳುವುದು ಇದಕ್ಕೆ ಬದಲಿಯಲ್ಲ. ಅದರಿಂದ ಸಮಾಧಾನ ಸಿಗುವುದು ಥೆರಪಿಸ್ಟ್‌ಗೆ ಮಾತ್ರ.

ಹಂತ 5: ನೋಟ್ಸ್

ಅಂದಿನ ನೋಟ್ಸ್ ಅಂದೇ ಬರೆಯಿರಿ. ಕ್ಲೈಂಟ್ ಹೇಳಿದ್ದು, ನೀವು ಗಮನಿಸಿದ್ದು, ನಿಮ್ಮ ಅಂದಾಜು, ಮುಂದಿನ ಯೋಜನೆ, ಈ ನಾಲ್ಕು ಇದ್ದರೆ ಸಾಕು. ಅಪಾಯದ ಬಗ್ಗೆ ಕೇಳಿದ್ದರೆ ಕೇಳಿದ್ದೇನೆ, ಉತ್ತರ ಇದು, ಇಂಥವರಿಗೆ ತಿಳಿಸಿದ್ದೇನೆ ಎಂದು ಸ್ಪಷ್ಟವಾಗಿ ಬರೆಯಿರಿ. ಕ್ಲೈಂಟ್ ಒಂದು ದಿನ ಇದನ್ನು ಓದಬಹುದು ಎಂದುಕೊಂಡು ಬರೆದರೆ "ಹಠಮಾರಿ", "ನಾಟಕ ಮಾಡುತ್ತಾರೆ" ಮುಂತಾದ ಪದಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಹಂತ 6: ರೆಕಾರ್ಡಿಂಗ್ ಕೇಳಿ, ಅದೂ ನಿಧಾನಕ್ಕೆ

ಕಾರ್ಲ್ ರೋಜರ್ಸ್ ಅವರನ್ನು ಎಲ್ಲರೂ ಸಹಾನುಭೂತಿಗಾಗಿ ನೆನೆಯುತ್ತಾರೆ. ಸೆಷನ್‌ಗಳನ್ನು ಧ್ವನಿಮುದ್ರಿಸಿ, ಒಬ್ಬ ಕ್ಲೈಂಟ್‌ನ ಪೂರ್ತಿ ಥೆರಪಿಯನ್ನು ಪದ ಬಿಡದೆ 1942ರಲ್ಲಿ ಅಚ್ಚು ಹಾಕಿಸಿದ್ದೂ ಅಷ್ಟೇ ದೊಡ್ಡ ಕೆಲಸ. ಅಲ್ಲಿಯವರೆಗೆ ಥೆರಪಿಸ್ಟ್ ಏನು ಮಾಡಿದರು ಅನ್ನುವುದಕ್ಕೆ ಅವರ ನೆನಪೇ ಸಾಕ್ಷಿಯಾಗಿತ್ತು. ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಕ್ಲೈಂಟ್‌ನಿಂದ ಲಿಖಿತ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಬೇಡ ಅನ್ನುವ ಹಕ್ಕು ಅವರಿಗಿದೆ, ಬೇಡ ಅಂದರೆ ಚಿಕಿತ್ಸೆಯಲ್ಲಿ ವ್ಯತ್ಯಾಸ ಆಗುವುದಿಲ್ಲ ಎಂದೂ ಹೇಳಿ. ಫೈಲ್ ಇರಬೇಕಾದದ್ದು ಸಂಸ್ಥೆ ಒಪ್ಪಿದ ಸುರಕ್ಷಿತ ಜಾಗದಲ್ಲಿ. ಸ್ವಂತ ಮೊಬೈಲ್‌ನಲ್ಲಿ ಇಟ್ಟುಕೊಳ್ಳುವುದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಬೇಡವೇ ಬೇಡ.

ಇಡೀ ಸೆಷನ್ ಕೇಳುವ ಅಗತ್ಯವಿಲ್ಲ. ವಾರಕ್ಕೆ ಒಂದು ಸೆಷನ್ ಆರಿಸಿ, ಅದರಲ್ಲಿ ಎಲ್ಲೋ ಎಡವಿದೆ ಅನ್ನಿಸಿದ ಐದು ನಿಮಿಷ ತೆಗೆದುಕೊಳ್ಳಿ. ಕಾಗದದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಇಬ್ಬರೂ ಆಡಿದ ಮಾತು, ಮೌನದ ಸೆಕೆಂಡ್‌ಗಳ ಸಮೇತ. ಎರಡನೆಯದರಲ್ಲಿ ಆ ಗಳಿಗೆಯಲ್ಲಿ ನಿಮ್ಮೊಳಗೆ ನಡೆದದ್ದು. ಮೂರನೆಯದರಲ್ಲಿ ಇನ್ನೇನು ಹೇಳಬಹುದಿತ್ತು ಅನ್ನುವುದು. ನಾರ್ಮನ್ ಕೇಗನ್ 1960ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಎರಡನೇ ಕಾಲಂನಲ್ಲಿದೆ: ಟೇಪ್ ನಿಲ್ಲಿಸಿ, ಆಗ ಏನನ್ನಿಸಿತ್ತು ಎಂದು ನೆನೆಯುವುದು.

ಒಂದು ಕಲ್ಪಿತ ತುಣುಕು ನೋಡಿ.

ಕ್ಲೈಂಟ್: ಮನೇಲಿ ನಾನು ಯಾರಿಗೂ ಲೆಕ್ಕಕ್ಕೇ ಇಲ್ಲ. ಅಪ್ಪ ಹೋದ ಮೇಲಂತೂ… (ಎರಡು ಸೆಕೆಂಡ್)
ಟ್ರೇನಿ: ಅವರು ತೀರಿಕೊಂಡು ಎಷ್ಟು ದಿನ ಆಯ್ತು?
ಕ್ಲೈಂಟ್: ಎರಡು ವರ್ಷ.
ಟ್ರೇನಿ: ಏನಾಗಿತ್ತು ಅವರಿಗೆ?
ಕ್ಲೈಂಟ್: ಹಾರ್ಟ್ ಅಟ್ಯಾಕ್.

ಪ್ರಶ್ನೆಗಳಲ್ಲಿ ತಪ್ಪೇನೂ ಇಲ್ಲ, ಉತ್ತರವೂ ಸಿಕ್ಕಿತು. ಆದರೆ ಅಪ್ಪ ಹೋದ ಮೇಲೆ ಏನು ಅನ್ನುವ ಮಾತು ಅರ್ಧದಲ್ಲೇ ಸತ್ತುಹೋಯಿತು. ಕ್ಲೈಂಟ್‌ನ ಉತ್ತರಗಳು ಎಷ್ಟು ಚಿಕ್ಕದಾದವು ನೋಡಿ. ಎರಡನೇ ಕಾಲಂನಲ್ಲಿ ಪ್ರಾಮಾಣಿಕವಾಗಿ ಬರೆದರೆ ಹೀಗಿರುತ್ತದೆ: "ಅತ್ತುಬಿಟ್ಟರೆ ಏನು ಮಾಡಲಿ ಅನ್ನಿಸಿತು. ದಿನಾಂಕ ಕೇಳಿದೆ." ಮೂರನೆಯದರಲ್ಲಿ: ಸುಮ್ಮನಿರಬಹುದಿತ್ತು. ಇಲ್ಲವೇ "ಅಪ್ಪ ಹೋದ ಮೇಲಂತೂ…" ಎಂದು ಅವರ ಮಾತನ್ನೇ ಮರಳಿಸಬಹುದಿತ್ತು. ಇಲ್ಲವೇ "ಅವರಿದ್ದಾಗ ನಿಮ್ಮನ್ನು ಲೆಕ್ಕಕ್ಕಿಟ್ಟವರು ಒಬ್ಬರಾದರೂ ಇದ್ದರು" ಅನ್ನಬಹುದಿತ್ತು. ಈ ಮೂರನ್ನೂ ಗಟ್ಟಿಯಾಗಿ ಹೇಳಿ ನೋಡಿ, ಕಣ್ಣಲ್ಲಿ ಓದಿದರೆ ಸಾಲದು. ಮುಂದಿನ ವಾರ ಅಂಥದೇ ಗಳಿಗೆ ಬಂದಾಗ ಬಾಯಿಗೆ ಬರುವುದು ಅಭ್ಯಾಸವಾದ ಮಾತು ಮಾತ್ರ.

ಮೊದಮೊದಲು ನಿಮ್ಮ ದನಿಯನ್ನು ನೀವೇ ಕೇಳುವುದು ಹಿಂಸೆ. ಎರಡು ಮೂರು ವಾರದಲ್ಲಿ ಅದು ತಗ್ಗುತ್ತದೆ.

ಹಂತ 7: ಸೂಪರ್‌ವಿಷನ್‌ಗೆ ಕೆಟ್ಟ ಭಾಗವನ್ನೇ ಒಯ್ಯಿರಿ

1996ರಲ್ಲಿ ನಿಕೋಲಸ್ ಲಡಾನಿ ಮತ್ತು ಸಂಗಡಿಗರು ಟ್ರೇನಿಗಳನ್ನು ಕೇಳಿದಾಗ, ಸೂಪರ್‌ವೈಸರ್‌ನಿಂದ ಏನಾದರೂ ಒಂದನ್ನು ಮುಚ್ಚಿಟ್ಟಿದ್ದೇವೆ ಎಂದು ಹೆಚ್ಚುಕಡಿಮೆ ಎಲ್ಲರೂ ಒಪ್ಪಿಕೊಂಡರು. ಮಾರ್ಕ್ಸ್ ಕೊಡುವವರೂ ಅವರೇ, ತಪ್ಪು ಹೇಳಿಕೊಳ್ಳಬೇಕಾದದ್ದೂ ಅವರ ಬಳಿಯೇ ಎಂದಾಗ ಇದು ಸಹಜ. ಹಾಗಿದ್ದೂ, ಚೆನ್ನಾಗಿ ಹೋದ ಸೆಷನ್ ವರ್ಣಿಸಿ ಒಂದು ಗಂಟೆ ಕಳೆದರೆ ನಷ್ಟ ನಿಮಗೇ.

ಮೇಲಿನ ಮೂರು ಕಾಲಂನ ಕಾಗದ ಕೈಯಲ್ಲಿರಲಿ, ಜತೆಗೆ ಒಂದೇ ಒಂದು ಪ್ರಶ್ನೆ: "ಈ ಕ್ಲೈಂಟ್ ಅಳುವ ಹಾಗಾದಾಗೆಲ್ಲ ನಾನು ಮಾತು ಬದಲಿಸುತ್ತಿದ್ದೇನೆ. ಯಾಕೆ?" "ಕೇಸ್ ಬಗ್ಗೆ ಏನನ್ನಿಸುತ್ತೆ ಮೇಡಂ?" ಎಂದು ಕೇಳಿದರೆ ಉತ್ತರವೂ ಅಷ್ಟೇ ತೆಳುವಾಗಿ ಬರುತ್ತದೆ. ಜನೈನ್ ಬರ್ನಾರ್ಡ್ 1979ರಲ್ಲಿ ಸೂಪರ್‌ವೈಸರ್‌ಗೆ ಮೂರು ಪಾತ್ರಗಳಿವೆ ಅಂದರು: ಕಲಿಸುವ ಶಿಕ್ಷಕ, ನಿಮ್ಮೊಳಗೆ ಏನಾಗುತ್ತಿದೆ ಎಂದು ಕೇಳುವ ಕೌನ್ಸೆಲರ್, ಸಮಾನರಂತೆ ಚರ್ಚಿಸುವ ಸಲಹೆಗಾರ. ನಿಮಗೆ ಇಂದು ಯಾವುದು ಬೇಕು ಎಂದು ನೀವೇ ಹೇಳಬಹುದು. "ತಂತ್ರ ಗೊತ್ತು, ಆದರೆ ಈ ವ್ಯಕ್ತಿ ಎದುರು ಕೂತಾಗ ಸಿಟ್ಟು ಬರುತ್ತದೆ" ಅಂದರೆ ಒಳ್ಳೆಯ ಸೂಪರ್‌ವೈಸರ್ ಪುಸ್ತಕ ಮುಚ್ಚಿಡುತ್ತಾರೆ. ಕ್ಲೈಂಟ್ ಬಗ್ಗೆ ಸಿಟ್ಟು, ಬೇಸರ, ಆಕರ್ಷಣೆ, ಕಾಪಾಡಲೇಬೇಕು ಎಂಬ ಹಂಬಲ, ಇವೆಲ್ಲ ಬರುತ್ತವೆ. ಫ್ರಾಯ್ಡ್ 1910ರಲ್ಲೇ ಇದಕ್ಕೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಎಂದು ಹೆಸರಿಟ್ಟಿದ್ದರು. ಯಾರೊಂದಿಗೂ ಮಾತಾಡದೆ ಒಳಗಿಟ್ಟುಕೊಂಡಾಗ ಅದು ಕೆಲಸ ಕೆಡಿಸುತ್ತದೆ.

ಹಂತ 8: ಒಂದು ಪ್ಯಾರಾದಲ್ಲಿ ಫಾರ್ಮುಲೇಶನ್

ಫಾರ್ಮುಲೇಶನ್ ಅಂದರೆ ಈ ವ್ಯಕ್ತಿಗೆ ಈ ತೊಂದರೆ ಯಾಕೆ ಬಂತು, ಯಾಕೆ ಉಳಿದಿದೆ ಅನ್ನುವ ವಿವರಣೆ. ಡಯಾಗ್ನೋಸಿಸ್ ಬರೆದರೆ ಫಾರ್ಮುಲೇಶನ್ ಆಗಲಿಲ್ಲ. ಈಗಿನ ತೊಂದರೆ, ಅದಕ್ಕೆ ನೆಲ ಹದ ಮಾಡಿದ ಹಳೆಯ ಕಾರಣ, ಈಗ ಕೆರಳಿಸಿದ್ದು, ಮುಂದುವರಿಸುತ್ತಿರುವುದು, ಕಾಪಾಡುತ್ತಿರುವುದು, ಇದು ಎಲ್ಲರೂ ಕಲಿಯುವ ಐದು ಅಂಶಗಳ ಚೌಕಟ್ಟು. ಅದರಲ್ಲಿ ನಾಲ್ಕನೆಯದರ ಮೇಲೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಚಿಕಿತ್ಸೆಗೆ ಕೈ ಹಾಕಲು ಜಾಗ ಇರುವುದು ಅಲ್ಲಿ. ಬಾಲ್ಯವನ್ನು ಬದಲಿಸಲಾಗದು, ಆದರೆ ಆತಂಕವಾದಾಗೆಲ್ಲ ರಜೆ ಹಾಕಿ ಮನೆಯಲ್ಲಿ ಕೂರುವ ರೂಢಿಯನ್ನು ಬದಲಿಸಬಹುದು.

ಯಾವ ಥೆರಪಿ ಮೊದಲು ಕಲಿಯಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಒಂದನ್ನು ನೆಟ್ಟಗೆ. ಬೇರೆ ಬೇರೆ ಥೆರಪಿಗಳ ಫಲಿತಾಂಶ ಬಹುಮಟ್ಟಿಗೆ ಸಮಾನ, ಕಾರಣ ಅವುಗಳಲ್ಲಿರುವ ಸಾಮಾನ್ಯ ಅಂಶಗಳು ಎಂಬ ವಾದವನ್ನು ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಮುಂದಿಟ್ಟಿದ್ದರು, ಜಗಳ ಇನ್ನೂ ಮುಗಿದಿಲ್ಲ. ಹೊಸಬರಿಗೆ ಏರನ್ ಬೆಕ್ ಅವರ ಸಿಬಿಟಿಯಿಂದ (ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಆರಂಭಿಸುವುದರಲ್ಲಿ ಒಂದು ಅನುಕೂಲವಿದೆ. ಅಜೆಂಡಾ, ಹೋಂವರ್ಕ್, ಸಾರಾಂಶ ಎಂದು ಸೆಷನ್‌ಗೆ ಒಂದು ಹಂದರ ಸಿಗುತ್ತದೆ. ವಾರಾಂತ್ಯದ ವರ್ಕ್‌ಶಾಪ್‌ಗಳ ಸರ್ಟಿಫಿಕೇಟ್ ಕೂಡಿಡುವುದನ್ನು ಮೊದಲ ವರ್ಷ ಮುಂದಕ್ಕೆ ಹಾಕಿ.

ಹಂತ 9: ಅಳೆಯಿರಿ

"ನನಗೆ ಗೊತ್ತಾಗುತ್ತೆ, ಇವರು ಸುಧಾರಿಸುತ್ತಿದ್ದಾರೆ" ಎಂಬ ನಂಬಿಕೆಗೆ ಈ ಅಂಕಿ ನೋಡಿ. 2005ರಲ್ಲಿ ಪ್ರಕಟವಾದ ಹ್ಯಾನನ್, ಲ್ಯಾಂಬರ್ಟ್ ಮತ್ತಿತರರ ಅಧ್ಯಯನದಲ್ಲಿ 550 ಕ್ಲೈಂಟ್‌ಗಳ ಪೈಕಿ ಯಾರು ಹದಗೆಡುತ್ತಾರೆ ಎಂದು ಥೆರಪಿಸ್ಟರನ್ನೇ ಕೇಳಲಾಯಿತು. ಅವರು ಹೆಸರಿಸಿದ್ದು 3 ಜನರನ್ನು. ನಿಜಕ್ಕೂ ಹದಗೆಟ್ಟವರು 40.

ಆದ್ದರಿಂದ ಕಾಗದದ ಮೇಲೆ ಅಳೆಯಿರಿ. ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆ, ಅಂಕ 0ರಿಂದ 27. 10 ಅಥವಾ ಮೇಲಿದ್ದರೆ ಗಮನ ಬೇಕು ಎಂಬುದು ರೂಢಿಯಲ್ಲಿರುವ ಗಡಿ. ತುಂಬಲು ಕೆಲವೇ ನಿಮಿಷ ಸಾಕು. ತುಂಬಿಸಿ ಫೈಲಿಗೆ ಸೇರಿಸುವುದಷ್ಟೇ ಆಗಬಾರದು: "ಕಳೆದ ಸಲ ಹನ್ನೊಂದು ಇತ್ತು, ಈ ಸಲ ಹದಿನಾರು. ಈ ವಾರ ಏನಾಯಿತು?" ಎಂದು ಅದನ್ನೇ ಮಾತಿಗೆ ತನ್ನಿ.

ಹಂತ 10: ಕ್ಲೈಂಟ್ ಬರದೇ ಹೋದಾಗ

ಬರದೇ ಹೋಗುತ್ತಾರೆ. ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ 2012ರಲ್ಲಿ ನೂರಾರು ಅಧ್ಯಯನ ಒಟ್ಟುಗೂಡಿಸಿದಾಗ ಸುಮಾರು ಐವರಲ್ಲಿ ಒಬ್ಬರು ಥೆರಪಿಯನ್ನು ನಡುವೆಯೇ ಬಿಡುತ್ತಾರೆ ಎಂದು ಕಂಡಿತು. ಥೆರಪಿಸ್ಟ್ ಟ್ರೇನಿಯಾಗಿದ್ದರೆ ಪ್ರಮಾಣ ಇನ್ನೂ ಹೆಚ್ಚು. ಬಿಡುವ ಮೊದಲು ಸೂಚನೆ ಇರುತ್ತದೆ. ಸಾಫ್ರನ್ ಮತ್ತು ಮ್ಯೂರನ್ ಸಂಬಂಧದ ಬಿರುಕುಗಳನ್ನು ಎರಡು ಬಗೆಯಾಗಿ ನೋಡಿದರು: ಎದುರಾಡುವುದು, ಹಿಂದೆ ಸರಿಯುವುದು. ಎದುರಾಡಿದ್ದು ಯಾರಿಗಾದರೂ ಗೊತ್ತಾಗುತ್ತದೆ. ಹಿಂದೆ ಸರಿಯುವವರು "ಸರಿ ಮೇಡಂ, ಹಾಗೇ ಮಾಡ್ತೀನಿ" ಅನ್ನುತ್ತಾರೆ, ನಗುತ್ತಾರೆ, ಹೋಂವರ್ಕ್ ಮಾಡಿರುವುದಿಲ್ಲ, ಆಮೇಲೆ ಬರುವುದಿಲ್ಲ. ಅತಿ ವಿನಯವನ್ನೂ ಗಮನಿಸಿ. "ನಾನು ಹೇಳಿದ್ದು ನಿಮಗೆ ಸರಿ ಅನ್ನಿಸದಿದ್ದರೂ ಹೇಳಲು ಸಂಕೋಚ ಆಗ್ತಿದೆಯಾ?" ಎಂದು ಕೇಳಿ. "ಸ್ವಲ್ಪ" ಅನ್ನುವ ಉತ್ತರ ಬಂದರೆ ಅಂದಿನ ಅಜೆಂಡಾ ಬದಿಗಿಡಿ.

ಉಳಿದದ್ದು ಎರಡು. ಸ್ವಂತ ಥೆರಪಿಗೆ ಹೋಗಬೇಕೇ? ಅನುಕೂಲವಿದ್ದರೆ ಹೋಗಿ, ಆ ಇನ್ನೊಂದು ಕುರ್ಚಿಯಲ್ಲಿ ಕೂತು ಮೌನ ಎಷ್ಟು ಉದ್ದ ಅನ್ನಿಸುತ್ತದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಇನ್ನೊಂದು, ನಿಮ್ಮ ಪೋಸ್ಟಿಂಗ್ ಮುಗಿಯುವ ದಿನ. ಅದನ್ನು ಕ್ಲೈಂಟ್‌ಗೆ ಮೊದಲ ಸೆಷನ್ನಿನಲ್ಲೇ ಹೇಳಿ, ಕೊನೆಗೆ ನಾಲ್ಕಾರು ವಾರ ಉಳಿದಾಗ ಮತ್ತೆ ನೆನಪಿಸಿ. ಕೆಲಸ ಮುಂದುವರಿಯಬೇಕಿದ್ದರೆ ಮುಂದಿನವರ ಹೆಸರು, ಮೊದಲ ಅಪಾಯಿಂಟ್‌ಮೆಂಟ್‌ನ ದಿನ ಎರಡೂ ಕೊನೆಯ ಸೆಷನ್‌ಗೆ ಮುನ್ನ ಗೊತ್ತಾಗಿರಬೇಕು. ವರ್ಗಾವಣೆ ಟಿಪ್ಪಣಿಯಲ್ಲಿ ಏನು ಬರೆಯುತ್ತಿದ್ದೀರಿ ಎಂದು ಕ್ಲೈಂಟ್‌ಗೆ ಓದಿ ಹೇಳಿ, ತಿದ್ದಬೇಕು ಅಂದದ್ದನ್ನು ಅವರ ಎದುರೇ ತಿದ್ದಿ.